ಅಂಡರ್‌ಟೇಕರ್‌ಗೆ ಕನ್ನಡದಲ್ಲಿ ಏನನ್ನೋಣ? ಹಳ್ಳಿ ಪತ್ತೇದಾರಿ ಓದುತ್ತಾ ಸಿಕ್ಕಿಬಿದ್ದಿದ್ದೇನೆ

ಕಪಾಟಿನ ಹುಳು · ರಾತ್ರಿ 8:40
ನಮ್ಮ ಓದುಗರ ಗುಂಪಿನಲ್ಲಿ ಈ ತಿಂಗಳು ನನ್ನ ಸರದಿ. ಒಂದು ಇಂಗ್ಲಿಷ್ ಪತ್ತೇದಾರಿ ಕಾದಂಬರಿ ಓದಿ ಅದರ ಕತೆಯನ್ನು ಕನ್ನಡದಲ್ಲಿ ಹೇಳಬೇಕು. ಪುಸ್ತಕದ ಹೆಸರು ಇಲ್ಲಿ ಹೇಳುವುದಿಲ್ಲ. ಹೋದ ಸಲ ಹೇಳಿದ್ದಕ್ಕೆ ಐದೇ ನಿಮಿಷದಲ್ಲಿ ಒಬ್ಬರು ಕೊಲೆಗಾರ ಯಾರು ಅಂತ ಬರೆದು ಪಕ್ಕದಲ್ಲಿ ಕಣ್ಣು ಹೊಡೆಯುವ ಮುಖ ಹಾಕಿದ್ದರು. ಅವರು ಇಲ್ಲೇ ಇದ್ದಾರೆ, ಇದನ್ನೂ ಓದುತ್ತಿದ್ದಾರೆ.

ಇಂಗ್ಲೆಂಡ್ ಮತ್ತು ವೇಲ್ಸ್ ಗಡಿಯ ಒಂದು ಹಳ್ಳಿ. ಎರಡು ಮಹಾಯುದ್ಧಗಳ ನಡುವಿನ ಕಾಲ. ಮಳೆ, ಕೆಸರು, ಕುರಿ, ಒಂದು ಚರ್ಚು. ಊರಿನ ಬಡಗಿಯೇ ಹೆಣದ ಪೆಟ್ಟಿಗೆ ಮಾಡುತ್ತಾನೆ, ಹೂಳುವ ಏರ್ಪಾಟೂ ಅವನದೇ. ಒಬ್ಬ ರೈತ ಸಾಯುತ್ತಾನೆ. ಆದರೆ ಅವನು ಸಾಯುವ ಹಿಂದಿನ ದಿನವೇ ಅವನ ಪೆಟ್ಟಿಗೆ ಅಂಗಡಿಯಲ್ಲಿ ಸಿದ್ಧವಾಗಿತ್ತು ಅಂತ ಒಬ್ಬ ಹುಡುಗ ಹೇಳುತ್ತಾನೆ. ಅಲ್ಲಿಂದ ಕತೆ ಕತ್ತಲಿಗೆ ಇಳಿಯುತ್ತದೆ. 140 ಪುಟ ಓದಿದ್ದೇನೆ, ನಿದ್ದೆ ಬರುತ್ತಿಲ್ಲ.

ನನ್ನ ತೊಂದರೆ ಕೊಲೆಗಾರನದಲ್ಲ. ಈ ಬಡಗಿಯನ್ನು ಕನ್ನಡದಲ್ಲಿ ಏನಂತ ಕರೆಯಲಿ? ಅಂಡರ್‌ಟೇಕರ್ ಅನ್ನುವುದಕ್ಕೆ ನಮ್ಮಲ್ಲಿ ಪದ ಇದೆಯಾ? ಜೊತೆಗೆ ಗುಂಪಿನವರು "ಕತೆಯನ್ನು ನಮ್ಮ ತಿಪಟೂರು ಕಡೆಯ ಹಳ್ಳಿಗೆ ತಂದು ಹೇಳಿ" ಅಂತ ಹಟ ಹಿಡಿದಿದ್ದಾರೆ. ಅದು ಆಗುತ್ತದಾ ಅಂತಲೇ ಅನುಮಾನ.

ಸುಮ್ನೆ ಓದ್ತೀನಿ · 8:44
ನನಗೆ ಗೊತ್ತಿರುವ ಅಂಡರ್‌ಟೇಕರ್ ಒಬ್ಬನೇ, ಟಿವಿ ಕುಸ್ತಿಯವನು. ಕಪ್ಪು ಟೊಪ್ಪಿ, ಉದ್ದ ಕೂದಲು, ಗಂಟೆ ಹೊಡೆದ ಕೂಡಲೇ ಲೈಟು ಹೋಗುತ್ತಿತ್ತು. ಐದನೇ ಕ್ಲಾಸಿನಲ್ಲಿ ಅವನ ಒಂದು ಕಾರ್ಡಿಗೆ ನನ್ನ ನಾಲ್ಕು ಕಾರ್ಡು ಕೊಟ್ಟಿದ್ದೆ.

ಧಾರವಾಡ ಪೇಡೆ · 8:47
ಅವನ ಹೆಸರಿನ ಅರ್ಥ ನನಗೆ ಗೊತ್ತಾಗಿದ್ದು ಡಿಗ್ರಿಗೆ ಬಂದ ಮೇಲೆ. ಅಲ್ಲಿವರೆಗೆ "ಕೆಳಗೆ ಕೆಡವುವವನು" ಅಂದುಕೊಂಡಿದ್ದೆ. ಪೂರ್ತಿ ತಪ್ಪೂ ಅಲ್ಲ ಬಿಡ್ರಿ.

ಹಳೇ ಪಾಕೆಟ್ ಬುಕ್ · 8:59
ನಿಘಂಟಿನ ಪದ ಮಾತ್ರ ಹಾಕಬೇಡಿ. "ಶವಸಂಸ್ಕಾರ ವ್ಯವಸ್ಥಾಪಕ" ಅಂದ ಕ್ಷಣ ಕೇಳುವವರು ಮೊಬೈಲ್ ತೆಗೆಯುತ್ತಾರೆ. ನಾನು ಬಾಡಿಗೆ ಲೈಬ್ರರಿಯಿಂದ ದಿನಕ್ಕೊಂದು ಪತ್ತೇದಾರಿ ತಂದು ಓದಿದ ಕಾಲದವನು. ಆ ಪುಸ್ತಕಗಳಲ್ಲಿ ಹೆಣ ಮೂರನೇ ಪುಟದಲ್ಲಿ ಸಿಗುತ್ತಿತ್ತು, ನಾಲ್ಕನೇ ಪುಟದಲ್ಲಿ "ಪೋಸ್ಟ್‌ಮಾರ್ಟಂಗೆ ಕಳಿಸಲಾಯಿತು". ಆಮೇಲೆ ಅದರ ಸುದ್ದಿಯೇ ಇಲ್ಲ. ಯಾರು ಹೊತ್ತರು, ಯಾರು ಗುಣಿ ತೋಡಿದರು, ಯಾರು ಸುಟ್ಟರು, ಊಹೂಂ. ಪತ್ತೇದಾರ ಆಗಲೇ ಕಾರಿನಲ್ಲಿ ನಂದಿ ಬೆಟ್ಟದ ಕಡೆ ಹೊರಟಿರುತ್ತಿದ್ದ.

ಕರಾವಳಿ ಕಾಗೆ · 9:05
ಪದ ಇಲ್ಲ ಅಂತ ಯಾರು ಹೇಳಿದ್ದು ಮಾರಾಯ್ರೆ? ನಮ್ಮಲ್ಲಿ ಇಗರ್ಜಿ ಹತ್ತಿರ ಪೆಟ್ಟಿಗೆ ಅಂಗಡಿಗಳು ಇವೆ. ಎಲ್ಲಾ ಅಳತೆಯವನ್ನೂ ಗೋಡೆಗೆ ಒರಗಿಸಿ ನಿಲ್ಲಿಸಿರುತ್ತಾರೆ. ಮಕ್ಕಳ ಅಳತೆಯವನ್ನು ಮಾತ್ರ ಅಟ್ಟದ ಮೇಲೆ, ಬಟ್ಟೆ ಮುಚ್ಚಿ, ಕಣ್ಣಿಗೆ ಬೀಳದ ಹಾಗೆ.

ಹಾಗಾಗಿ ನಿಮ್ಮ ಕತೆಯ ಅನುಮಾನವೇ ಸರಿ ಇಲ್ಲ. ಪೆಟ್ಟಿಗೆ ಮೊದಲೇ ಸಿದ್ಧ ಇರುವುದು ಮಾಮೂಲು. ಇಲ್ಲಿ ಯಾರೂ ಸತ್ತ ಮೇಲೆ ಅಳತೆ ತೆಗೆದು ಗರಗಸ ಹಿಡಿಯುವುದಿಲ್ಲ.

ಕಪಾಟಿನ ಹುಳು · 9:08
ಸತ್ತವನು ಆರೂವರೆ ಅಡಿ ಇದ್ದ. ಊರಿನಲ್ಲಿ ಆ ಅಳತೆಯ ಮನುಷ್ಯ ಇನ್ನೊಬ್ಬನಿಲ್ಲ.

ಕರಾವಳಿ ಕಾಗೆ · 9:09
ಹಾಗಾದರೆ ಸರಿ. ವಾಪಸ್ ತಗೊಂಡೆ.

ಲೀಡ್ಸ್ ಕನ್ನಡಿಗ · 9:31
ನಾನು ಇಲ್ಲಿ ಡಾಕ್ಟರು, ಇಪ್ಪತ್ತು ವರ್ಷದಿಂದ. ಸಾವಿನ ಕಾಗದಗಳಿಗೆ ಸಹಿ ಹಾಕಿ ಹಾಕಿ ಕೈ ಸವೆದಿದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನಿಮ್ಮ ಕತೆಯ ಬಡಗಿ ಸುಳ್ಳಲ್ಲ. ಇಲ್ಲಿನ ಹಳ್ಳಿಗಳಲ್ಲಿ ಹಾಗೇ ಇತ್ತು. ಕಿಟಕಿ, ಬಾಗಿಲು, ಗಾಡಿ ಚಕ್ರ ಮಾಡುವವನೇ ಎಲ್ಮ್ ಮರದ ಹಲಗೆಯಲ್ಲಿ ಪೆಟ್ಟಿಗೆಯನ್ನೂ ಮಾಡುತ್ತಿದ್ದ. ಹಲವು ಕಡೆ ಅದೇ ಕುಟುಂಬದವರು ಇವತ್ತೂ ಅದೇ ವ್ಯಾಪಾರದಲ್ಲಿದ್ದಾರೆ, ಮರಗೆಲಸ ಬಿಟ್ಟಿದ್ದಾರೆ ಅಷ್ಟೇ. ಇನ್ನೊಂದು ಆಶ್ಚರ್ಯ: ಇಂಗ್ಲೆಂಡಿನಲ್ಲಿ ಈ ವ್ಯಾಪಾರ ಶುರು ಮಾಡುವುದಕ್ಕೆ ಲೈಸೆನ್ಸೇ ಬೇಕಿಲ್ಲ. ಕ್ಷೌರದಂಗಡಿ ಇಟ್ಟ ಹಾಗೆ.

ಸುಡುವುದಕ್ಕೆ ಮಾತ್ರ ಕಾಯ್ದೆ ಬಿಗಿ. 1902ರಲ್ಲೇ ಅದಕ್ಕೊಂದು ಕಾನೂನು ಬಂತು. ಹೂತರೆ ಬೇಕಾದಾಗ ತೆಗೆದು ನೋಡಬಹುದು, ಸುಟ್ಟರೆ ಮುಗಿಯಿತು. ಅದಕ್ಕೇ ಸುಡಬೇಕಾದರೆ ಇಬ್ಬರು ಡಾಕ್ಟರು ಸಹಿ ಹಾಕಬೇಕಿತ್ತು, ಎರಡನೆಯವನು ಮೊದಲನೆಯವನ ಮಾತನ್ನು ಪರೀಕ್ಷಿಸಬೇಕಿತ್ತು. ಸಹಿಗೆ ಫೀಸು ಉಂಟು. ನಾನು ಸೇರಿದಾಗ ಸೀನಿಯರ್‌ಗಳು ಅದನ್ನು "ಆಶ್ ಕ್ಯಾಶ್" ಅನ್ನುತ್ತಿದ್ದರು, ಬೂದಿ ಕಾಸು. ಎರಡನೇ ಸಹಿಯನ್ನು 2020ರಲ್ಲಿ ಕೋವಿಡ್ ಬಂದಾಗ ಕೈಬಿಟ್ಟರು. 2024ರ ಸೆಪ್ಟೆಂಬರಿನಿಂದ ಹೊಸ ಪದ್ಧತಿ. ರೋಗಿಗೆ ಸಂಬಂಧ ಇಲ್ಲದ ಇನ್ನೊಬ್ಬ ಡಾಕ್ಟರು ಪ್ರತಿ ಸಾವಿನ ಕಾಗದವನ್ನೂ ನೋಡುತ್ತಾರೆ.

ನಿಮ್ಮ ಕತೆಯ ಕಾಲದಲ್ಲಿ ಹಳ್ಳಿ ಡಾಕ್ಟರು ಒಬ್ಬನೇ. ಅವನು "ಹೊಟ್ಟೆ ಉರಿ, ಹೃದಯ ನಿಂತಿತು" ಅಂತ ಬರೆದರೆ ಮುಗಿಯಿತು. ಮಣ್ಣಿಗೆ.

ಸುಮ್ನೆ ಓದ್ತೀನಿ · 9:33
ಬೂದಿ ಕಾಸು 😳

ಹಳೇ ಪಾಕೆಟ್ ಬುಕ್ · 9:40
ಬೂದಿ ಕಾಸಿಗೆ ನಗುವವರು ನಮ್ಮ ಹರಿಶ್ಚಂದ್ರನನ್ನು ನೆನೆಯಿರಿ. ಸುಡುಗಾಡಿನಲ್ಲಿ ನಿಂತು ಹೆಂಡತಿಯ ಹತ್ತಿರವೇ, ಸ್ವಂತ ಮಗನ ಹೆಣಕ್ಕೇ, ಸುಡುವ ತೆರಿಗೆ ಕೇಳಿದವನು. ಒಡೆಯ ವೀರಬಾಹುವಿನ ಲೆಕ್ಕ ತಪ್ಪಬಾರದು ಅಂತ. ನಮ್ಮಲ್ಲಿ ಅದು ಸತ್ಯದ ಕತೆಯಾಯಿತು. ಬೇರೆ ಊರಲ್ಲಾಗಿದ್ದರೆ ಪತ್ತೇದಾರಿಯ ಮೊದಲನೇ ಅಧ್ಯಾಯವಾಗುತ್ತಿತ್ತು.

ಧಾರವಾಡ ಪೇಡೆ · 9:42
ಚಂದ್ರಮತಿಯ ಮೇಲೂ ಕೊಲೆ ಆರೋಪ ಬಂದಿತ್ತು, ಮರೀಬ್ಯಾಡ್ರಿ. ರಾಜಕುಮಾರನ ಕೊಲೆ, ಸುಳ್ಳು ಸಾಕ್ಷಿ, ಗಂಡನೇ ತಲೆ ಕಡಿಯಬೇಕಾದ ಪ್ರಸಂಗ. ಎಲ್ಲಾ ಇದೆ, ಪತ್ತೇದಾರ ಒಬ್ಬ ಇಲ್ಲ.

ಕಪಾಟಿನ ಹುಳು · 9:50
ಲೀಡ್ಸ್ ಅವರೇ, ಹಾಗಾದರೆ ಹಳ್ಳಿ ಡಾಕ್ಟರು ಇಷ್ಟು ಸುಲಭಕ್ಕೆ ಮೋಸ ಹೋಗುತ್ತಾನೆ ಅನ್ನುವುದು ನಿಜವಾಗಿ ನಡೆದಿದೆಯಾ? ಪುಸ್ತಕದಲ್ಲಿ ಆ ಭಾಗ ನನಗೆ ನಂಬಿಕೆ ಬರಲಿಲ್ಲ.

ಲೀಡ್ಸ್ ಕನ್ನಡಿಗ · 10:12
ನಡೆದಿದೆ. ಅದೂ ನಿಮ್ಮ ಕತೆಯ ಗಡಿಯಲ್ಲೇ. ಹೇ-ಆನ್-ವೈ ಅಂತ ಊರು. ಈಗ ಹಳೇ ಪುಸ್ತಕದ ಅಂಗಡಿಗಳಿಗೆ ಹೆಸರುವಾಸಿ, 1988ರಿಂದ ದೊಡ್ಡ ಸಾಹಿತ್ಯ ಹಬ್ಬವೂ ಆಗುತ್ತದೆ. ನೂರು ವರ್ಷದ ಹಿಂದೆ ಅಲ್ಲಿ ಹರ್ಬರ್ಟ್ ಆರ್ಮ್‌ಸ್ಟ್ರಾಂಗ್ ಅಂತ ಒಬ್ಬ ವಕೀಲ ಇದ್ದ. 1921ರ ಫೆಬ್ರವರಿಯಲ್ಲಿ ಅವನ ಹೆಂಡತಿ ತೀರಿಕೊಂಡಳು. ಊರಿನ ಡಾಕ್ಟರು ಕಾಯಿಲೆ ಅಂತ ಬರೆದ. ಪಕ್ಕದ ಕಸಪ್ ಹಳ್ಳಿಯ ಚರ್ಚಿನಲ್ಲಿ ಹೂತರು. ಯಾರಿಗೂ ಅನುಮಾನ ಇಲ್ಲ.

ಅದೇ ಬೀದಿಯಲ್ಲಿ ಇನ್ನೊಬ್ಬ ವಕೀಲ, ಮಾರ್ಟಿನ್. ಇಬ್ಬರಿಗೂ ಒಂದು ವ್ಯವಹಾರದಲ್ಲಿ ಜಗಳ. ಅಕ್ಟೋಬರಿನಲ್ಲಿ ಆರ್ಮ್‌ಸ್ಟ್ರಾಂಗ್ ಅವನನ್ನು ಚಹಾಕ್ಕೆ ಕರೆದ. ಬೆಣ್ಣೆ ಹಚ್ಚಿದ ಸ್ಕೋನ್ ಅನ್ನುವ ಬನ್ನು ಒಂದನ್ನು ತನ್ನ ಕೈಯಿಂದಲೇ ಎತ್ತಿ ಕೊಟ್ಟು, ಕೈಯಲ್ಲಿ ಕೊಡುತ್ತಿದ್ದೇನೆ ಕ್ಷಮಿಸಿ ಅಂದನಂತೆ. ಮಾರ್ಟಿನ್ ರಾತ್ರಿಯೆಲ್ಲ ವಾಂತಿ. ಮಾರ್ಟಿನ್‌ನ ಮಾವ ಊರಿನ ಔಷಧಿ ಅಂಗಡಿಯವನು. ಆರ್ಮ್‌ಸ್ಟ್ರಾಂಗ್‌ಗೆ ಕಳೆ ಕೊಲ್ಲುವುದಕ್ಕೆ ಅಂತ ಆರ್ಸೆನಿಕ್ ವಿಷ ಮಾರಿದ್ದು ಇದೇ ಮಾವ! ಅವನಿಗೆ ತಲೆಯಲ್ಲಿ ದೀಪ ಹತ್ತಿತು. ಮೂತ್ರ ಪರೀಕ್ಷೆಗೆ ಕಳಿಸಿದರು, ಆರ್ಸೆನಿಕ್ ಸಿಕ್ಕಿತು.

ಇಲ್ಲಿಂದ ಮುಂದಿನದು ನನಗೆ ಎಲ್ಲಕ್ಕಿಂತ ಇಷ್ಟ. ಪೊಲೀಸರು ಗುಟ್ಟಾಗಿ ತನಿಖೆ ಮಾಡುತ್ತಿದ್ದರು. ಮಾರ್ಟಿನ್‌ಗೆ "ಅವನಿಗೆ ಅನುಮಾನ ಬರಬಾರದು" ಅಂತ ಹೇಳಿದ್ದರು. ಆರ್ಮ್‌ಸ್ಟ್ರಾಂಗ್ ಮತ್ತೆ ಮತ್ತೆ ಚಹಾಕ್ಕೆ ಕರೆಯುತ್ತಾನೆ. ಇವನು ವಾರಗಟ್ಟಲೆ ನೆಪ ಹುಡುಕುತ್ತಾನೆ. ಎದುರುಬದುರು ಕಚೇರಿ. ಎಷ್ಟು ದಿನ ಅಂತ ಹೊಟ್ಟೆ ಸರಿ ಇಲ್ಲ ಅನ್ನುವುದು?

ಕೊನೆಗೆ ಡಿಸೆಂಬರ್ 31ಕ್ಕೆ ಹಿಡಿದರು. 1922ರ ಜನವರಿಯಲ್ಲಿ ಹೆಂಡತಿಯ ಹೆಣ ಹೊರಗೆ ತೆಗೆದರು. ಹತ್ತು ತಿಂಗಳ ಮೇಲೂ ದೇಹದ ತುಂಬಾ ಆರ್ಸೆನಿಕ್. ಮೇ 31ಕ್ಕೆ ಗಲ್ಲು.

ಸುಮ್ನೆ ಓದ್ತೀನಿ · 10:14
ನಮ್ಮ ಎದುರು ಮನೆಯವರೂ ದಿನಾ ಕಾಫಿಗೆ ಕರೆಯುತ್ತಾರೆ. ನಾಳೆಯಿಂದ ನೆಪ.

ಕಪಾಟಿನ ಹುಳು · 10:20
ಹತ್ತು ತಿಂಗಳ ಮೇಲೆ! ಇಲ್ಲೇ ನನ್ನ ಕತೆ ಮುರಿಯುವುದು. ನಮ್ಮೂರಿನಲ್ಲಿ ಬೆಳಗ್ಗೆ ಸತ್ತರೆ ಮಧ್ಯಾಹ್ನ ಬೂದಿ. ಮೂರನೇ ದಿನ ಹಾಲು ತುಪ್ಪ. ಪತ್ತೇದಾರ ಬಸ್ಸು ಹಿಡಿದು ಬರುವ ಹೊತ್ತಿಗೆ ಅವನಿಗೆ ಸಿಗುವುದು ತಿಥಿ ಊಟ.

ಧಾರವಾಡ ಪೇಡೆ · 10:26
ನಿಮ್ಮೂರನ್ನೇ ಕರ್ನಾಟಕ ಅಂದುಕೊಳ್ಳಬೇಡಿ. ನಮ್ಮ ಕಡೆ ಲಿಂಗಾಯತರಲ್ಲಿ ಸುಡುವುದಿಲ್ಲ. ಕುಣಿ ತೋಡಿ, ಒಳಗೆ ಗೂಡು ಮಾಡಿ, ಕೂರಿಸಿ ಹೂಳುತ್ತಾರೆ. ವಿಭೂತಿ, ಪತ್ರೆ ಇಟ್ಟು ಉಪ್ಪು ಸುರಿಯುತ್ತಾರೆ. ಮುಸ್ಲಿಮರು ಹೂಳುತ್ತಾರೆ, ಕ್ರೈಸ್ತರು ಹೂಳುತ್ತಾರೆ. ಬೇರೆ ಎಷ್ಟೋ ಜಾತಿಯವರು ಸ್ವಂತ ಹೊಲದ ಬದುವಿನಲ್ಲೇ ಹೂಳುತ್ತಾರೆ. ನಿಮ್ಮ ಪತ್ತೇದಾರನಿಗೆ ಹುಬ್ಬಳ್ಳಿ ರೈಲಿಗೆ ಟಿಕೆಟ್ ತೆಗೆಸಿರಿ.

ಕಪಾಟಿನ ಹುಳು · 10:27
ತಪ್ಪಾಯಿತು. ನಮ್ಮ ಬೀದಿಯನ್ನೇ ನಾಡು ಅಂದುಕೊಂಡೆ.

ಲ್ಯಾಬ್ ಕೋಟು · 10:48
ಕೆಲಸದಿಂದ ಈಗ ಬಂದೆ. ಹೂತಿದ್ದನ್ನು ತೆಗೆಯುವ ವಿಷಯ ಬಂದಿದೆಯಲ್ಲ, ಅಲ್ಲಿ ನಿಂತು ನೋಡಿದವಳು ನಾನು.

ನಮ್ಮ ದೇಶದಲ್ಲಿ ಇದಕ್ಕೆ ಕಾಲಮಿತಿ ಇಲ್ಲ. ಎಷ್ಟು ವರ್ಷ ಆದ ಮೇಲೂ ತೆಗೆಸಬಹುದು. ಆದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕೇ ಬೇಕು. ಅಪರಾಧ ವಿಚಾರಣೆಯ ಹಳೆಯ ಕಾಯ್ದೆ ಸಿಆರ್‌ಪಿಸಿಯ 176ನೇ ಸೆಕ್ಷನ್, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 196. ನಮ್ಮಲ್ಲಿ ಅಸಿಸ್ಟೆಂಟ್ ಕಮಿಷನರ್ ಅಥವಾ ತಹಶೀಲ್ದಾರರು ಬಂದು ನಿಲ್ಲುತ್ತಾರೆ. ಸಿನಿಮಾದಲ್ಲಿ ರಾತ್ರಿ ಲಾಟೀನು ಹಿಡಿದು ಅಗೆಯುತ್ತಾರಲ್ಲ, ಅದೆಲ್ಲ ಸುಳ್ಳು. ಬೆಳಗ್ಗೆ ಬೇಗ, ಬಿಸಿಲು ಏರುವ ಮೊದಲು, ಹಗಲು ಬೆಳಕಿನಲ್ಲೇ. ಮೊದಲು ಇದೇ ಸಮಾಧಿ ಅಂತ ಮನೆಯವರೋ ಹೂತವರೋ ತೋರಿಸಬೇಕು.

ವಿಷದ ಅನುಮಾನ ಇದ್ದರೆ ದೇಹದ ಜೊತೆ ಮಣ್ಣನ್ನೂ ತೆಗೆದುಕೊಳ್ಳುತ್ತೇವೆ. ಮೇಲಿನದು, ಕೆಳಗಿನದು, ಪಕ್ಕದ್ದು, ಸ್ವಲ್ಪ ದೂರದ್ದು, ಬೇರೆ ಬೇರೆ ಬಾಟಲಿ. ಯಾಕೆಂದರೆ ಮಣ್ಣಿನಲ್ಲೇ ಆರ್ಸೆನಿಕ್ ಇರಬಹುದು. ಇಲ್ಲದಿದ್ದರೆ ಡಿಫೆನ್ಸ್ ವಕೀಲರು "ಅದು ಮಣ್ಣಿನಿಂದ ಬಂತು ಸ್ವಾಮಿ" ಅನ್ನುತ್ತಾರೆ.

ಧಾರವಾಡದವರು ಉಪ್ಪು ಅಂದರಲ್ಲ, ನಗು ಬಂತು. ಹೊಟ್ಟೆ, ಕರುಳು, ಲಿವರ್, ಕಿಡ್ನಿ ತುಂಡುಗಳನ್ನು ಬೆಂಗಳೂರು ಮಡಿವಾಳದ ಸರ್ಕಾರಿ ಅಪರಾಧ ಪರೀಕ್ಷಾ ಲ್ಯಾಬು ಎಫ್‌ಎಸ್‌ಎಲ್‌ಗೆ ಕಳಿಸುವಾಗ ನಾವೂ ಹಾಕುವುದು ಗಟ್ಟಿ ಉಪ್ಪು ನೀರಿಗೇ.

ಕರಾವಳಿ ಕಾಗೆ · 10:55
ಕೇರಳದ ಕೂಡತ್ತಾಯಿ ನೆನಪಾಯಿತು. ಒಂದೇ ಕುಟುಂಬದ ಸುತ್ತ 2002ರಿಂದ 2016ರವರೆಗೆ ಆರು ಸಾವು. ಒಂದನ್ನು ಆತ್ಮಹತ್ಯೆ, ಉಳಿದವನ್ನು ಸಹಜ ಸಾವು ಅಂದುಕೊಂಡಿದ್ದರು. 2019ರ ಅಕ್ಟೋಬರಿನಲ್ಲಿ ಚರ್ಚಿನ ಸಮಾಧಿಗಳನ್ನು ತೆರೆದರು. ಹೆಚ್ಚಿನವರಿಗೆ ಸೈನೈಡ್ ಕೊಟ್ಟಿದ್ದು ಅಂತ ಪೊಲೀಸರ ಆರೋಪ. ಆ ಮನೆಯವರು ಸುಡುವವರಾಗಿದ್ದರೆ? ತೆರೆದು ನೋಡುವುದಕ್ಕೆ ಏನಿರುತ್ತಿತ್ತು?

ಹಳೇ ಪಾಕೆಟ್ ಬುಕ್ · 11:03
ಸುಡುವ ಕಡೆಯೂ ಹೆಣ ಉಳಿದ ಕತೆ ಇದೆ. ಅಮೆರಿಕದ ಜಾರ್ಜಿಯಾದಲ್ಲಿ ನೋಬಲ್ ಅಂತ ಹಳ್ಳಿ. ಅಲ್ಲೊಂದು ಖಾಸಗಿ ಸುಡುವ ಮನೆ. ಸುತ್ತಲ ಮೂರು ರಾಜ್ಯದಿಂದ ಹೆಣ ಬರುತ್ತಿದ್ದವು. 2002ರ ಫೆಬ್ರವರಿಯಲ್ಲಿ ಗೊತ್ತಾಯಿತು, ಅದನ್ನು ನಡೆಸುತ್ತಿದ್ದವನು ವರ್ಷಗಳಿಂದ ಎಷ್ಟೋ ಹೆಣಗಳನ್ನು ಸುಟ್ಟೇ ಇರಲಿಲ್ಲ. ಮುನ್ನೂರಕ್ಕೂ ಹೆಚ್ಚು ಹೆಣ ಕಾಡಿನಲ್ಲಿ, ಶೆಡ್ಡಿನಲ್ಲಿ, ಹಳ್ಳದಲ್ಲಿ. ಮನೆಯವರಿಗೆ ಬೂದಿ ಅಂತ ಕೊಟ್ಟಿದ್ದರಲ್ಲಿ ಸಿಮೆಂಟ್ ಪುಡಿಯೂ ಇತ್ತು. ಯಾರನ್ನೂ ಕೊಂದಿರಲಿಲ್ಲ. ಕೆಲಸ ಮಾಡಿರಲಿಲ್ಲ ಅಷ್ಟೇ. ಯಾಕೆ ಅಂತ ಇವತ್ತಿಗೂ ಸರಿಯಾದ ಉತ್ತರ ಸಿಕ್ಕಿಲ್ಲ. ನನಗೆ ಕೊಲೆಗಿಂತ ಇದೇ ಹೆಚ್ಚು ಭಯ.

ಗುಣಿ ಗುದ್ದಲಿ · 11:20
ಎಲ್ಲಾ ಓದಿದೆ. ಒಂದು ಮಾತು ಹೇಳಬೇಕು, ಬೇಜಾರು ಮಾಡ್ಕೋಬೇಡಿ.

ನೀವೆಲ್ಲ "ವ್ಯಾಪಾರ" ಅಂತಿದ್ದೀರಿ. ಇಂಗ್ಲೆಂಡಿನ ಬಡಗಿಗೆ ಅದು ವ್ಯಾಪಾರ. ಬಿಲ್ಲು ಕೊಡುತ್ತಾನೆ, ಅಂಗಡಿಗೆ ಬೋರ್ಡು ಹಾಕುತ್ತಾನೆ, ಚರ್ಚಿನಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಾನೆ. ನಮ್ಮಪ್ಪ ಮಂಡ್ಯ ಕಡೆಯ ಹಳ್ಳಿಯಲ್ಲಿ ನಲವತ್ತು ವರ್ಷ ಗುಣಿ ತೋಡಿದರು. ಸಾವಿನ ಸುದ್ದಿ ಊರೂರಿಗೆ ಮುಟ್ಟಿಸುವವರು ಅವರೇ, ತಮಟೆ ಬಾರಿಸುವವರು ನಮ್ಮ ಚಿಕ್ಕಪ್ಪ. ಸಿಗುತ್ತಿದ್ದುದು ಸುಗ್ಗಿಯಲ್ಲಿ ಒಂದಿಷ್ಟು ರಾಗಿ, ಆ ದಿನಕ್ಕೆ ಒಂದು ಬಾಟಲಿ. ಅದಕ್ಕೆ ವ್ಯಾಪಾರ ಅನ್ನಲ್ಲ. ಬೇಡ ಅನ್ನುವ ಹಕ್ಕಿದ್ದರೆ ತಾನೇ ವ್ಯಾಪಾರ?

ಅಂಡರ್‌ಟೇಕರ್‌ಗೆ ಕನ್ನಡದಲ್ಲಿ ಪದ ಇಲ್ಲ ಅಂದಿರಲ್ಲ. ಪದ ಬೇಕಾದಷ್ಟಿದೆ. ಎಲ್ಲಾ ಜಾತಿಯ ಹೆಸರು. ಅದಕ್ಕೇ ನೀವು ಯಾರೂ ಬರೆಯಲಿಲ್ಲ.

ಕಪಾಟಿನ ಹುಳು · 11:26
ಬೇಜಾರಿಲ್ಲ. ಬರೆಯುವಾಗ ಒಂದೆರಡು ಪದ ನನ್ನ ಬೆರಳ ತುದಿಗೆ ಬಂದು ವಾಪಸ್ ಹೋದವು. ಯಾಕೆ ಅಂತ ಯೋಚಿಸಿರಲಿಲ್ಲ.

ಸತ್ಯ ನುಡಿವೆ · 11:30
ಸುಮ್ನೆ ಒಂದು ಪುಸ್ತಕದ ಮಾತಿಗೆ ಜಾತಿ ಯಾಕೆ ತರ್ತೀರಿ?

ಗುಣಿ ಗುದ್ದಲಿ · 11:31
ನಾನು ತಂದಿದ್ದಲ್ಲ ಸಾರ್. ಸುಡುಗಾಡಿಗೆ ಹೋಗಿ ನೋಡಿ, ಅಲ್ಲೇ ಇರುತ್ತೆ. ನಿಮ್ಮದೊಂದು, ನಮ್ಮದೊಂದು, ಮಧ್ಯೆ ಬೇಲಿ.

ಲ್ಯಾಬ್ ಕೋಟು · 11:38
ಗುದ್ದಲಿಯವರೇ, ನಮ್ಮ ಶವಾಗಾರದಲ್ಲೂ ಅದೇ. ವರದಿಗೆ ಸಹಿ ಡಾಕ್ಟರದು. ಕೈ ಹಾಕಿ ಕೆಲಸ ಮಾಡುವವರು ಬೇರೆ. ಒಂದು ಸಲ ನಮ್ಮ ಅಟೆಂಡರ್ ಅಣ್ಣ ಹೆಣದ ಉಗುರು ನೋಡಿ "ಮೇಡಂ, ಇದು ಸ್ವಲ್ಪ ಬೇರೆ ಥರ ಇದೆ" ಅಂದರು. ನನಗೆ ಕಾಣಿಸಿರಲಿಲ್ಲ. ಅವರು ಹೇಳಿದ್ದು ಸರಿ ಇತ್ತು. ವರದಿಯಲ್ಲಿ ಅವರ ಹೆಸರು ಬರುವ ಜಾಗವೇ ಇಲ್ಲ.

ಶಾಮಿಯಾನ ಶಿವು · 11:45
ನಾನು ಈ ಲೈನಿನವನೇ, ಹೊಸ ಕಾಲದವನು 😄 ಮೊದಲು ಬರೀ ಶಾಮಿಯಾನ, ಕುರ್ಚಿ, ಪಾತ್ರೆ. ಈಗ ಎರಡು ಫ್ರೀಜರ್ ಪೆಟ್ಟಿಗೆ ಇಟ್ಟಿದ್ದೇನೆ. ಮಗ ದುಬೈನಿಂದ ಬರಬೇಕು, ಮಗಳು ಪುಣೆಯಿಂದ ಬರಬೇಕು. ಹಳ್ಳಿಯಲ್ಲೂ ಈಗ ಒಂದು ದಿನ, ಒಂದೂವರೆ ದಿನ ಇಡುತ್ತಾರೆ. ಕರೆಂಟು ಹೋದರೆ ನನ್ನ ಎದೆ ಢವಢವ. ಜನರೇಟರ್ ಜೊತೆಗೇ ತಗೊಂಡು ಹೋಗುತ್ತೇನೆ.

ಅಕ್ಕ, ನಿಮ್ಮ ಪತ್ತೇದಾರನಿಗೆ ಈಗ ಟೈಮಿದೆ. ಬಸ್ಸಿನಲ್ಲೇ ಬರಲಿ.

ಲ್ಯಾಬ್ ಕೋಟು · 11:49
ಶಿವು, ನಿಮ್ಮ ಪೆಟ್ಟಿಗೆ ನಮಗೆ ತಲೆನೋವು. ಹೆಣ ಸೆಟೆಯುವುದು, ಆಮೇಲೆ ಸಡಿಲ ಆಗುವುದು, ಕೊಳೆಯುವುದು, ಇವನ್ನು ನೋಡಿ ಸತ್ತ ಹೊತ್ತು ಅಂದಾಜು ಮಾಡುತ್ತೇವೆ. ತಂಪಿನಲ್ಲಿ ಇಟ್ಟರೆ ಎಲ್ಲಾ ನಿಧಾನ. "ಎಷ್ಟು ಗಂಟೆಗೆ ಪೆಟ್ಟಿಗೆಗೆ ಹಾಕಿದಿರಿ" ಅಂತ ಕೇಳಿದರೆ ಮನೆಯವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಶಾಮಿಯಾನ ಶಿವು · 11:51
ನನ್ನ ಡೈರಿಯಲ್ಲಿ ಇರುತ್ತೆ ಮೇಡಂ. ಗಂಟೆ ಲೆಕ್ಕದಲ್ಲಿ ಬಾಡಿಗೆ ಅಲ್ವಾ?

ಹಳೇ ಪಾಕೆಟ್ ಬುಕ್ · 11:52
ಸಿಕ್ಕಿತು! ಇದೇ ಸುಳಿವು! ಮನೆಯವರು ಸಾವು ಆರು ಗಂಟೆಗೆ ಅನ್ನುತ್ತಾರೆ, ಶಿವು ಡೈರಿಯಲ್ಲಿ ಪೆಟ್ಟಿಗೆ ಬುಕ್ ಆಗಿದ್ದು ನಾಲ್ಕಕ್ಕೆ. ಆರೂವರೆ ಅಡಿ ಪೆಟ್ಟಿಗೆಗೆ ಇದಕ್ಕಿಂತ ಒಳ್ಳೆಯ ಕನ್ನಡ ಅನುವಾದ ಬೇಕಾ?

ಅಜ್ಜಿಮನೆ · 12:10
ಮಲಗಲು ಹೊರಟಿದ್ದೆ, ಆಗಲಿಲ್ಲ. ಇದನ್ನು ಎಲ್ಲೂ ಬರೆದಿರಲಿಲ್ಲ.

ನಮ್ಮದು ತೀರ್ಥಹಳ್ಳಿ ಕಡೆ. ಊರಿನಲ್ಲಿ ಹೆಂಗಸರು ಯಾರೇ ಸತ್ತರೂ ಮೀಯಿಸಲಿಕ್ಕೆ ನಮ್ಮ ಅಜ್ಜಿಯನ್ನೇ ಕರೆಯುತ್ತಿದ್ದರು. ಹೆರಿಗೆಗೂ ಅವರೇ ಹೋಗುತ್ತಿದ್ದರು. ಬಿಸಿನೀರು ಕಾಯಿಸಿ, ಸೀಗೆಪುಡಿ ಹಾಕಿ, ತಲೆ ಬಾಚಿ, ಅರಿಶಿನ ಕುಂಕುಮ ಇಟ್ಟು ಹೊರಗೆ ಕಳಿಸುವವರೆಗೆ ಎಲ್ಲಾ ಅವರದೇ. "ಮೀಯಿಸುವಾಗ ಕಂಡಿದ್ದನ್ನು ಬಚ್ಚಲಲ್ಲೇ ಬಿಟ್ಟು ಬರಬೇಕು" ಅನ್ನುತ್ತಿದ್ದರು.

ಅಮ್ಮ ಚಿಕ್ಕವಳಿದ್ದಾಗ ಒಂದು ದೊಡ್ಡ ಮನೆಯ ಸೊಸೆ ಬಾವಿಗೆ ಬಿದ್ದಳು ಅಂತ ಸುದ್ದಿ. ರಾತ್ರಿಯೇ ಮೇಲೆತ್ತಿದೆವು ಅಂದಿದ್ದರಂತೆ. ಅಜ್ಜಿ ಹೋಗಿ ಬಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಎಷ್ಟೋ ವರ್ಷದ ಮೇಲೆ ಅಮ್ಮನಿಗೆ ಒಂದೇ ಮಾತು ಹೇಳಿದರು: "ಸೀರೆ ನೀರು ಕುಡಿದಿತ್ತು. ತುರುಬು ಬಿಚ್ಚಿದರೆ ಒಳಗಿನ ಕೂದಲು ಒಣಗಿತ್ತು. ಎಣ್ಣೆ ಹಚ್ಚಿದ್ದು ಹಾಗೇ ಇತ್ತು."

ಅಜ್ಜಿ ತುರುಬು ಬಿಚ್ಚಿದಾಗ ಬಚ್ಚಲಲ್ಲಿ ಆ ಮನೆಯ ಅತ್ತೆಯೂ ಇದ್ದರಂತೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಆಮೇಲೆ ಅತ್ತೆಯೇ ತಂಬಿಗೆ ತೆಗೆದುಕೊಂಡು ತಲೆಗೆ ನೀರು ಹಾಕಿದರಂತೆ.

ಮಧ್ಯಾಹ್ನದ ಹೊತ್ತಿಗೆ ಅವರ ತೋಟದ ಮಾವಿನ ಮರ ಕಡಿದು ಸುಟ್ಟಾಗಿತ್ತು.

ಸುಮ್ನೆ ಓದ್ತೀನಿ · 12:12
…

ಸತ್ಯ ನುಡಿವೆ · 12:16
ಗೊತ್ತಿದ್ದೂ ಸುಮ್ಮನಿದ್ದರೆ ಅದೂ ತಪ್ಪೇ. ಪೊಲೀಸರಿಗೆ ಹೇಳಬಹುದಿತ್ತು.

ಅಜ್ಜಿಮನೆ · 12:19
ಯಾವ ಪೊಲೀಸರಿಗೆ? ಠಾಣೆ ಎಷ್ಟೋ ಮೈಲಿ ದೂರ. ಅಜ್ಜಿ ವಿಧವೆ, ಆ ಮನೆಯವರ ಗೇಣಿ ಗದ್ದೆ ಮಾಡಿಕೊಂಡಿದ್ದವರು. ಮೂರು ಮಕ್ಕಳು. ನೀವು ಹೇಳುತ್ತಿದ್ದಿರಿ ಅಂತ ನಂಬುತ್ತೇನೆ, ಇರಲಿ.

ಗುಣಿ ಗುದ್ದಲಿ · 12:22
ಹೇಳುವುದು ಆಮೇಲಿನ ಮಾತು. ಯಾರಾದರೂ ಕೇಳಿದ್ದರಾ? ನಮ್ಮಪ್ಪ ನಲವತ್ತು ವರ್ಷದಲ್ಲಿ ಏನೇನೋ ಕಂಡಿದ್ದರು. ಒಂದು ದಿನ ಒಬ್ಬರೂ ಬಂದು "ನೀನು ನೋಡಿದ್ದೇನು" ಅಂತ ಕೇಳಲಿಲ್ಲ. ಗುಣಿಯ ಆಳ ಸಾಕಾ ಅಂತ ಕೇಳಿದರು, ಅಷ್ಟೇ.

ಲ್ಯಾಬ್ ಕೋಟು · 12:30
ಅಜ್ಜಿ ಕಂಡಿದ್ದು ಬಲವಾದ ಸುಳಿವು. ನೀರಿಗೆ ಬಿದ್ದು ಸತ್ತವರ ತುರುಬು ಒಳಗೆ ಒಣಗಿರುವುದಿಲ್ಲ. ಮುಳುಗಿ ಸತ್ತಿದ್ದಾ, ಸತ್ತ ಮೇಲೆ ಹಾಕಿದ್ದಾ ಅಂತ ನೋಡಲಿಕ್ಕೆ ನಾವು ಮೂಳೆ ಮಜ್ಜೆಯಲ್ಲಿ ಡಯಾಟಮ್ ಅನ್ನುವ ಸಣ್ಣ ಪಾಚಿ ಹುಡುಕುತ್ತೇವೆ. ನೀರು ಕುಡಿದು ಉಸಿರು ಎಳೆದಿದ್ದರೆ ರಕ್ತದ ಮೂಲಕ ಅದು ಮಜ್ಜೆವರೆಗೂ ಹೋಗಿರುತ್ತದೆ. ಆ ಪರೀಕ್ಷೆಗೂ ಕೆಲವು ಸಲ ಸರಿಯಾದ ಉತ್ತರ ಸಿಗುವುದಿಲ್ಲ. ತುರುಬು ಸುಳ್ಳು ಹೇಳುವುದು ಕಷ್ಟ.

ಲೀಡ್ಸ್ ಕನ್ನಡಿಗ · ಬೆಳಗ್ಗೆ 5:50
ರಾತ್ರಿ ಡ್ಯೂಟಿ, ನಿಮ್ಮ ಬೆಳಗು ನನಗೆ ನಡುರಾತ್ರಿ. ಅಜ್ಜಿಯ ಕತೆ ಓದಿ ಶಿಪ್‌ಮನ್ ನೆನಪಾದ. ಮ್ಯಾಂಚೆಸ್ಟರ್ ಪಕ್ಕದ ಹೈಡ್ ಊರಿನ ಡಾಕ್ಟರು. ನಮ್ಮ ಕಸುಬಿಗೆ ಅಳಿಸಲಾಗದ ಮಸಿ. 2000ದ ಜನವರಿಯಲ್ಲಿ 15 ಕೊಲೆಗೆ ಶಿಕ್ಷೆಯಾಯಿತು. ಆಮೇಲೆ ವಿಚಾರಣಾ ಆಯೋಗ ಕೊಂದಿದ್ದು 215 ಜನರನ್ನು ಅಂತ ಹೇಳಿತು. ಎಲ್ಲಾ ಅವನದೇ ರೋಗಿಗಳು, ಹೆಚ್ಚಿನವರು ವಯಸ್ಸಾದ ಹೆಂಗಸರು.

ಅವನ ಮೇಲೆ ಮೊದಮೊದಲು ಅನುಮಾನ ಬಂದವರಲ್ಲಿ ಆ ಊರಿನ ಅಂಡರ್‌ಟೇಕರ್ ಮನೆಯವರೂ ಇದ್ದರು. ಹೆಣ ತರಲು ಹೋದಾಗಲೆಲ್ಲ ಒಂದೇ ದೃಶ್ಯ. ಅಜ್ಜಿ ಹಗಲು ಬಟ್ಟೆಯಲ್ಲೇ ಕುರ್ಚಿಯಲ್ಲಿ ಕೂತಿರುತ್ತಾಳೆ, ಕಾಯಿಲೆಯ ಗುರುತೇ ಇಲ್ಲ, ಡಾಕ್ಟರು ಆಗಷ್ಟೇ ಬಂದು ಹೋಗಿರುತ್ತಾರೆ. ಅವರು ಪಕ್ಕದ ಕ್ಲಿನಿಕ್ಕಿನ ಡಾಕ್ಟರಿಗೆ ಹೇಳಿದರು. ಸುಡುವ ಕಾಗದಕ್ಕೆ ಎರಡನೇ ಸಹಿ ಹಾಕುತ್ತಿದ್ದ ಕ್ಲಿನಿಕ್ ಅದು. ಅಲ್ಲಿನ ಒಬ್ಬ ಲೇಡಿ ಡಾಕ್ಟರು 1998ರ ಮಾರ್ಚಿನಲ್ಲಿ ದೂರು ಕೊಟ್ಟರು. ಪೊಲೀಸರು ಮೇಲೆ ಮೇಲೆ ನೋಡಿ ಫೈಲು ಮುಚ್ಚಿದರು. ಆಮೇಲೂ ಮೂವರು ಸತ್ತರು. ಕೊನೆಗೆ ಒಬ್ಬಾಕೆಯ ಸುಳ್ಳು ಉಯಿಲಿನಿಂದ ಸಿಕ್ಕಿಬಿದ್ದ. ಆಕೆಯನ್ನು ಹೂತಿದ್ದರು. ತೆಗೆದು ನೋಡಿದರೆ ಡಯಾಮಾರ್ಫಿನ್, ನೋವಿಗೆ ಕೊಡುವ ಬಲವಾದ ಔಷಧಿ.

ಎರಡು ಸಹಿ, ಫೀಸು, 1902ರ ಕಾನೂನು, ಯಾವುದೂ ಹಿಡಿಯಲಿಲ್ಲ. ಹೆಣ ಎತ್ತುವವರ ಕಣ್ಣಿಗೆ ಮೊದಲೇ ಬಿದ್ದಿತ್ತು.

ಧಾರವಾಡ ಪೇಡೆ · 7:15
ಹಾಂ, ಹಾಗಾದರೆ ನಮ್ಮ ಕತೆಗೆ ಪತ್ತೇದಾರ ಬಸ್ಸಿನಲ್ಲಿ ಬರುವುದೇ ಬ್ಯಾಡ. ಬಚ್ಚಲಲ್ಲೇ ಇದ್ದಾಳೆ.

ಕಪಾಟಿನ ಹುಳು · 7:40
ಒಂದು ವಿಷಯ ಹೇಳಲೇಬೇಕು. ಅಜ್ಜಿಮನೆಯವರು ಬರೆದಿದ್ದನ್ನು ಓದಿ ರಾತ್ರಿ ಎದ್ದು ಪುಸ್ತಕ ಮತ್ತೆ ಮೊದಲಿನಿಂದ ತಿರುವಿದೆ. 31ನೇ ಪುಟದಲ್ಲಿ ಒಬ್ಬಳು ಮುದುಕಿ ಇದ್ದಾಳೆ. ಊರಿನಲ್ಲಿ ಹೆರಿಗೆ ಮಾಡಿಸುವವಳು, ಹೆಣ ತೊಳೆದು ಬಟ್ಟೆ ಉಡಿಸುವವಳೂ ಅವಳೇ. ಸತ್ತ ರೈತನ ಮನೆಯಿಂದ ಹೊರಗೆ ಬಂದು ಪಾದ್ರಿಯ ಹೆಂಡತಿಗೆ ಹೇಳುತ್ತಾಳೆ: "ಕಾಲುಚೀಲ ಸರಿಯಾಗಿರಲಿಲ್ಲ ಅಮ್ಮಾ." ಪಾದ್ರಿಯ ಹೆಂಡತಿ ಹೂವಿನ ಬಗ್ಗೆ ಮಾತು ತೆಗೆಯುತ್ತಾಳೆ. ಅಷ್ಟೇ. ನಾನೂ ಆ ಸಾಲನ್ನು ದಾಟಿ ಹೋಗಿದ್ದೆ. ಪತ್ತೇದಾರನೂ ಇನ್ನೂ ಅವಳನ್ನು ಮಾತಾಡಿಸಿಲ್ಲ, 140 ಪುಟ ಆಯಿತು.

ಹಳೇ ಪಾಕೆಟ್ ಬುಕ್ · 7:44
ಲೇಖಕ ನಿಮ್ಮನ್ನು ಪಾದ್ರಿಯ ಹೆಂಡತಿ ಮಾಡಿದ್ದಾನೆ. ಚೆನ್ನಾಗಿದೆ.

ಅಜ್ಜಿಮನೆ · 7:58
ನೀವು ಗುಂಪಿನಲ್ಲಿ ಹೇಳುವಾಗ ತುರುಬಿನ ವಿಷಯ ಬಳಸಿಕೊಳ್ಳಿ, ಅಡ್ಡಿ ಇಲ್ಲ. ಊರಿನ ಹೆಸರು ಬೇಡ.

ಕಪಾಟಿನ ಹುಳು · 8:01
ಖಂಡಿತ ಇಲ್ಲ. ಥ್ಯಾಂಕ್ಸ್ ಅಕ್ಕ. ಇನ್ನು ಬಡಗಿಯ ಹೆಸರೊಂದು ಬಾಕಿ.

ಶಾಮಿಯಾನ ಶಿವು · 8:10
ನನ್ನ ನಂಬರನ್ನು ಊರಿನವರು ಫೋನಿನಲ್ಲಿ ಏನಂತ ಹಾಕಿಕೊಂಡಿದ್ದಾರೆ ಗೊತ್ತಾ? "ಫ್ರೀಜರ್ ಶಿವು". ಮದುವೆಗೆ ಶಾಮಿಯಾನ ಬೇಕಾದರೂ ಅದೇ ಹೆಸರು ಹುಡುಕುತ್ತಾರೆ. ಹೆಂಡತಿಗೆ ಸಿಟ್ಟು.

ಕರಾವಳಿ ಕಾಗೆ · 8:13
ಸರಿ ಮತ್ತೆ! ನಮ್ಮಲ್ಲೂ ಹಾಗೇ, ಪೆಟ್ಟಿಗೆ ಪೀಟರ್ ಪೊರ್ಬು ಅಂತಲೇ ಕರೆಯುವುದು. ಕಸುಬಿಗೆ ಪದ ಬೇಡ, ಮನುಷ್ಯನ ಹೆಸರಿಗೆ ಅಂಟಿಸಿದರೆ ಆಯಿತು.

ಕಪಾಟಿನ ಹುಳು · 8:16
"ಪೆಟ್ಟಿಗೆ ತೋಮಸಣ್ಣ." ಇಂಗ್ಲೆಂಡಿನಲ್ಲೇ ಇರಲಿ, ತಿಪಟೂರಿಗೆ ತರುವುದಿಲ್ಲ. ಗುದ್ದಲಿಯವರ ಮಾತು ಕೇಳಿದ ಮೇಲೆ ಅವನನ್ನು ಇಲ್ಲಿಗೆ ತಂದರೆ ಸುಳ್ಳಾಗುತ್ತದೆ. ಮುದುಕಿಯನ್ನು ಮಾತ್ರ ಎಲ್ಲಿ ಬೇಕಾದರೂ ಕೂರಿಸಬಹುದು.

ಗುಣಿ ಗುದ್ದಲಿ · 8:20
ಕತೆ ಹೇಳಿದ ಮೇಲೆ ರೆಕಾರ್ಡಿಂಗ್ ಇದ್ದರೆ ಹಾಕಿ. ಅಪ್ಪನಿಗೆ ಕೇಳಿಸಬೇಕು. ಅವರಿಗೆ ಈಗ ಕಣ್ಣು ಮಂಜು, ಆದರೆ ಪತ್ತೇದಾರಿ ಅಂದರೆ ಪ್ರಾಣ.

ಸುಮ್ನೆ ಓದ್ತೀನಿ · 8:31
ಕಾಲುಚೀಲ, ಆರೂವರೆ ಅಡಿ, ಪಾದ್ರಿಯ ಹೆಂಡತಿ. ಪುಸ್ತಕ ಯಾವುದು ಅಂತ ಗೊತ್ತಾಯಿತು. ಕೊಂದಿದ್ದು

ಕಪಾಟಿನ ಹುಳು · 8:31
ಬೇಡ!!

ಸುಮ್ನೆ ಓದ್ತೀನಿ · 8:32
ಕಾಫಿಗೆ ಬನ್ನಿ, ಹೇಳುತ್ತೇನೆ 😉